ಕಾಣದ ಹೊಲಿಗೆಯ ಶಿವರಾಮು

ನಾನು ಶಿವರಾಮು ಅವರನ್ನು ಮೊದಲ ಸಲ ಕಂಡದ್ದು ನನ್ನ ಸ್ಕೂಟರಿನ ಸೀಟು ಹರಿದ ಕಾರಣದಿಂದ. ಸಂದಿನಲ್ಲಿ ಮಳೆಯ ನೀರು ಇಳಿದು, ಕುಳಿತಾಗಲೆಲ್ಲ ಪ್ಯಾಂಟು ಒದ್ದೆಯಾಗುತ್ತಿತ್ತು. ಲಕ್ಷ್ಮೀಪುರಂನ ನಮ್ಮ ಬೀದಿಯ ಪಂಕ್ಚರ್ ಅಂಗಡಿಯವನು, "ಮಂಡಿ ಮೊಹಲ್ಲಾದಲ್ಲಿ ಶಿವರಾಮು ಅಂತ ಇದಾರೆ, ಕುಶನ್ ಕೆಲ್ಸದೋರು, ಅಲ್ಲಿಗೇ ಹೋಗಿ" ಎಂದು ಕಳುಹಿಸಿದ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಕಾರಿನಿಂದ ಬಿಚ್ಚಿದ ಸೀಟುಗಳು ಬಾಗಿಲಲ್ಲಿ ಸಾಲಾಗಿ ಕುಳಿತಿದ್ದವು. ಅವುಗಳ ನಡುವೆ, ನೆಲದ ಮೇಲೆ ಕಾಲು ಚಾಚಿ, ಕೈಯಲ್ಲಿ ದಬ್ಬಣ ಹಿಡಿದು, ತೆಳ್ಳನೆಯ ಒಬ್ಬ ಮನುಷ್ಯ ರೆಕ್ಸಿನ್ ಹೊಲಿಯುತ್ತಿದ್ದರು.

"ಇದು ಯಾಕೆ ಹೀಗೆ ಒಂದೇ ಕಡೆ ಹರಿದಿದೆ?" ಎಂದು ನಾನು ಕೇಳಿದೆ.

ಅವರು ತಲೆಯೆತ್ತಿ ನೋಡಿ ನಕ್ಕರು. "ತಾವು ಮೇಷ್ಟ್ರಾ?"

"ಹೌದು. ನಿಮಗೆ ಹೇಗೆ ಗೊತ್ತಾಯಿತು?"

"ಬಂದೋರೆಲ್ಲಾ ಎಷ್ಟಾಗುತ್ತೆ ಅಂತ ಕೇಳ್ತಾರೆ. ಯಾಕೆ ಹರೀತು ಅಂತ ಕೇಳಿದೋರು ತಾವೇ ಮೊದಲ್ನೇರು." ಎದ್ದು ಬಂದು ಸೀಟಿನ ಮೇಲೆ ಬೆರಳಾಡಿಸಿದರು. "ಹಿಂದೆ ಚೀಲ ಕಟ್ಕೊಂಡು ಹೋಗ್ತೀರಲ್ವಾ? ಅದರ ಕೊಂಡಿ ಉಜ್ಜಿ ಉಜ್ಜಿ ಹಿಂಗಾಗಿರೋದು. ಸೀಟು ಹೊಲಿದ್ರೆ ಸಾಲ್ದು, ಚೀಲಕ್ಕೂ ಬುದ್ಧಿ ಹೇಳ್ಬೇಕು."

ಅವರು ಸೀಟು ಬಿಚ್ಚುವಾಗ ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಹೊರಡಲು ತಿರುಗಿದಾಗ ಬಾಗಿಲ ಚೌಕಟ್ಟಿನ ಮೊಳೆಯೊಂದು ನನ್ನ ಶಾಲಿಗೆ ಸಿಕ್ಕಿ, ಪರ್ರೆಂದು ಹರಿಯಿತು. ನಾನು ನಿವೃತ್ತನಾದ ದಿನ ಮಕ್ಕಳು ಹೊದಿಸಿದ ಶಾಲು ಅದು. ನನಗಿಂತ ಹೆಚ್ಚು ಬೇಸರವಾದದ್ದು ಶಿವರಾಮು ಅವರಿಗೆ. ಮುಖವೇ ಬಾಡಿಹೋಯಿತು. "ನನ್ನ ಅಂಗಡೀಲಿ ಹರಿದಿದ್ದು ಹರಿದ ಹಂಗೇ ಆಚೆಗೆ ಹೋಗಬಾರದು ಮೇಷ್ಟ್ರೇ" ಎಂದು ಶಾಲನ್ನು ನನ್ನ ಹೆಗಲಿನಿಂದ ತಾವೇ ತೆಗೆದುಕೊಂಡರು. ಮುಂದಿನ ವಾರ ಅದನ್ನು ಮಡಿಸಿ ಕೊಟ್ಟಾಗ, ನಾನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಹರಿದ ಜಾಗ ಸಿಗಲಿಲ್ಲ. ಮನೆಯಲ್ಲಿ ನನ್ನಾಕೆ ಕನ್ನಡಕ ಹಾಕಿಕೊಂಡು ಹುಡುಕಿದಳು. ಅವಳಿಗೂ ಸಿಗಲಿಲ್ಲ.

ಆ ಕೆಲಸಕ್ಕೆ ರಫು ಎನ್ನುತ್ತಾರೆ. ಅದೇ ಬಟ್ಟೆಯ ಅಂಚಿನಿಂದ ಎಳೆ ತೆಗೆದು, ಹರಿದ ಕಡೆ ಎಳೆಗೆ ಎಳೆ ಕೂಡಿಸಿ, ಮಗ್ಗದಲ್ಲಿ ನೇಯ್ದಂತೆಯೇ ನೇಯುವುದು. ಶಿವರಾಮು ಅದನ್ನು ಕಲಿತದ್ದು ಪಕ್ಕದ ಗಲ್ಲಿಯಲ್ಲಿದ್ದ ವಯಸ್ಸಾದ ಸಾಹೇಬರೊಬ್ಬರಿಂದ. ಹೊಟ್ಟೆಪಾಡಿಗೆ ಸೀಟು, ಮನಸ್ಸಿನ ಸಂತೋಷಕ್ಕೆ ರಫು. ಅವರ ಅಂಗಡಿಯಲ್ಲಿ ಏನನ್ನೂ ಎಸೆಯುತ್ತಿರಲಿಲ್ಲ. ಅಂಗೈಯಗಲದ ರೆಕ್ಸಿನ್ ತುಂಡಿಗೂ ಒಂದು ಡಬ್ಬವಿತ್ತು. "ಎಸೆಯೋದು ಸುಲಭ ಮೇಷ್ಟ್ರೇ. ಯಾವ ಪೆದ್ದನಾದ್ರೂ ಎಸೀತಾನೆ" ಎನ್ನುತ್ತಿದ್ದರು.

ಹೀಗೆ ಶುರುವಾದ ಪರಿಚಯ ಗೆಳೆತನವಾಯಿತು. ಮಾರುಕಟ್ಟೆಗೆ ಹೋದಾಗಲೆಲ್ಲ ಅಲ್ಲಿ ಸ್ವಲ್ಪ ಹೊತ್ತು ಕುಳಿತು ಬರುವುದು ನನಗೆ ರೂಢಿಯಾಯಿತು. ಅವರ ಮನೆ ಅಶೋಕಪುರಂನಲ್ಲಿ. ಹೆಂಡತಿ ಸಾಕಮ್ಮ ಮಾತಿನ ಮಲ್ಲಿ. ಒಬ್ಬಳೇ ಮಗಳು ಹೇಮಶ್ರೀ. ಹುಡುಗಿ ಚಿಕ್ಕಂದಿನಲ್ಲಿ ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು, ಸೀಟು ಬಿಚ್ಚಿದ ಕಾರುಗಳೊಳಗೆ ಸೇರಿಕೊಂಡು ಸ್ಟೇರಿಂಗ್ ಹಿಡಿದು ಆಡುತ್ತಿದ್ದವಳು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ವಿಜಯ್‌ಕುಮಾರ್ ಎಂಬುವರ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯೇ ಅವಳಿಗೆ ರೇಸಿನ ಹುಚ್ಚು ಹಿಡಿಯಿತು.

ರೇಸ್ ಎಂದರೆ ಟೀವಿಯಲ್ಲಿ ತೋರಿಸುವಂಥದ್ದಲ್ಲ. ಹವ್ಯಾಸಿಗಳು ಕೂಡಿ ನಡೆಸುವುದು. ಊರಾಚೆಯ ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಹಳೆಯ ಟೈರುಗಳನ್ನು ಜೋಡಿಸಿ, ಅಂಕುಡೊಂಕಾದ ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಕಡಿಮೆ ಹೊತ್ತಿನಲ್ಲಿ ಸುತ್ತಿ ಬಂದವರು ಗೆದ್ದಂತೆ. ಸಾಕಮ್ಮನವರ ವ್ಯಾಖ್ಯಾನ ಬೇರೆ: "ಹೊರಟ ಜಾಗಕ್ಕೇ ವಾಪಸ್ ಬರೋದಕ್ಕೆ ಅಷ್ಟೊಂದು ಧೂಳು ಎಬ್ಬಿಸ್ಬೇಕಾ? ಮನೇಲೇ ಕೂತಿದ್ರೆ ಅಲ್ಲೇ ಇರ್ತಾಳಲ್ಲ!"

ಹೇಮಶ್ರೀ ಬೇರೆಯವರ ಕಾರುಗಳಿಗೆ ನಟ್ಟು ಬಿಗಿಯುತ್ತಾ, ತನ್ನ ಸರದಿಗೆ ಬಹಳ ಕಾಲ ಕಾದಳು. ಕೊನೆಗೆ ವಿಜಯ್‌ಕುಮಾರ್ ತಮ್ಮ ಹಳೆಯ ಚಿಕ್ಕ ಕಾರನ್ನು ತೋರಿಸಿ, "ಈ ವರ್ಷ ನೀನೇ ಓಡಿಸು" ಎಂದರಂತೆ. ಆ ದಿನ ಅವಳು ಅಂಗಡಿಗೆ ಓಡಿ ಬಂದ ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಪ್ಪಲಿ ಎಲ್ಲೋ, ಅವಳೆಲ್ಲೋ.

ಸ್ಪರ್ಧೆಗೆ ಮುಂಚೆ ಕಾರನ್ನು ನಿಯಮಕ್ಕೆ ತಕ್ಕಂತೆ ಸಿದ್ಧಮಾಡಬೇಕು. ಬೇಗ ಬೆಂಕಿ ಹತ್ತುವ ಕಾರ್ಪೆಟ್ಟು, ಮೇಲ್ಛಾವಣಿಯ ಬಟ್ಟೆ, ಹಿಂದಿನ ಸೀಟು ಎಲ್ಲವನ್ನೂ ತೆಗೆಯಬೇಕು. ಕಾರು ಮಗುಚಿದರೆ ತಲೆ ಜಜ್ಜದಂತೆ ಒಳಗೆ ಉಕ್ಕಿನ ಕೊಳವೆಗಳ ಪಂಜರವಿರಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಬೇಕು. ಓಡಿಸುವವರಿಗೆ ಒಪ್ಪಿಗೆ ಮುದ್ರೆಯುಳ್ಳ ಹೆಲ್ಮೆಟ್ಟು, ಬೆಂಕಿ ತಡೆಯುವ ಉಡುಪು. ಎಲ್ಲಕ್ಕಿಂತ ಮುಖ್ಯವಾಗಿ ಸೀಟಿನ ಬೆಲ್ಟು. ಅದು ನಮ್ಮ ಕಾರುಗಳ ಬೆಲ್ಟಿನಂತಲ್ಲ. ಹೆಗಲ ಮೇಲಿಂದ ಎರಡು ಪಟ್ಟಿ, ಸೊಂಟಕ್ಕೆ ಎರಡು, ತೊಡೆಗಳ ನಡುವಿನಿಂದ ಎರಡು. ಎಲ್ಲವೂ ಹೊಟ್ಟೆಯ ಮೇಲಿನ ಒಂದೇ ಕೊಂಡಿಗೆ ಬಂದು ಸೇರುತ್ತವೆ.

ಕಾರ್ಪೆಟ್ಟು, ಬಟ್ಟೆಗಳನ್ನು ಬಿಚ್ಚುವ ಕೆಲಸವನ್ನು ಹೇಮಶ್ರೀ ಅಪ್ಪನಿಗೇ ವಹಿಸಿದಳು. ಶಿವರಾಮು ಸಂತೋಷದಿಂದ ಮಾಡಿದರು. ಆದರೆ ಸೀಟನ್ನು ಹಿಂದಕ್ಕೆ ತಳ್ಳುವಾಗ ಹೆಗಲ ಪಟ್ಟಿಯೊಂದು ಸೀಟಿನ ಕೆಳಗಿನ ಕಬ್ಬಿಣದ ಹಳಿಗೆ ಸಿಕ್ಕಿಕೊಂಡಿತು. ಬಿಡಿಸಿ ನೋಡಿದರೆ ಅಂಚಿನಲ್ಲಿ ಕಿರುಬೆರಳಿನ ಅಗಲದಷ್ಟು ಕತ್ತರಿಸಿಹೋಗಿತ್ತು. ಅಂಗಡಿಯಲ್ಲಿ ಅವರೊಬ್ಬರೇ ಇದ್ದರು.

ಅವರು ಏನು ಮಾಡಿರಬಹುದೆಂದು ನನ್ನ ಶಾಲಿನ ಕಥೆ ಕೇಳಿದವರಿಗೆ ಹೇಳಬೇಕಾಗಿಲ್ಲ. ಅದೇ ಪಟ್ಟಿಯ ಮಡಿಕೆಯಾಚೆಗೆ ಉಳಿದಿದ್ದ ತುದಿಯಿಂದ ಎಳೆಗಳನ್ನು ತೆಗೆದು, ಬಾಗಿಲು ಮುಚ್ಚಿಕೊಂಡು ಕುಳಿತು, ರಫು ಮಾಡಿದರು. ಜೀವಮಾನದಲ್ಲೇ ಅಷ್ಟು ಚೆಂದದ ರಫು ತಮ್ಮ ಕೈಯಿಂದ ಬಂದಿರಲಿಲ್ಲವೆಂದು ಆಮೇಲೆ ನನಗೆ ಹೇಳಿದರು. ಮಗಳಿಗೆ ಹೇಳಲಿಲ್ಲ. ಅವಳು ಗೆದ್ದು ಬಂದ ಮೇಲೆ, "ಎಲ್ಲಿ ಹರಿದಿತ್ತು ಕಂಡುಹಿಡಿ ನೋಡೋಣ" ಎಂದು ಕೇಳಿ ಬೆರಗುಗೊಳಿಸಬೇಕೆಂಬ ಆಸೆ. ಅದರಲ್ಲಿ ಮೋಸದ ಭಾವನೆ ಎಳ್ಳಷ್ಟೂ ಇರಲಿಲ್ಲ. ಅವರ ಅಂಗಡಿಯಲ್ಲಿ ಹರಿದದ್ದು, ಅವರೇ ಸರಿಮಾಡಿದರು. ಅಷ್ಟೇ.

ಸ್ಪರ್ಧೆಯ ದಿನ ಬೆಳಿಗ್ಗೆ, "ಬನ್ನಿ ಮೇಷ್ಟ್ರೇ, ಮಗೂಗೆ ಆಶೀರ್ವಾದ ಮಾಡಿದ ಹಂಗಾಗುತ್ತೆ" ಎಂದು ನನ್ನನ್ನೂ ಕರೆದುಕೊಂಡು ಹೋದರು. ಮೈದಾನದ ಒಂದು ಮೂಲೆಯಲ್ಲಿ ಶಾಮಿಯಾನದ ಕೆಳಗೆ ಕಾರುಗಳ ಪರೀಕ್ಷೆ ನಡೆದಿತ್ತು. ಪರೀಕ್ಷಿಸುವವರ ಹೆಸರು ಸದಾಶಿವಯ್ಯ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಟಾರ್ಚು. ಸಾರಿಗೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಪ್ರತಿ ಕಾರಿನೊಳಗೂ ತಲೆ ಹಾಕಿ, ಬ್ಯಾಟರಿ ಅಲ್ಲಾಡಿಸಿ, ಸಿಲಿಂಡರಿನ ಮುಳ್ಳು ನೋಡಿ, ಹೆಲ್ಮೆಟ್ಟಿನ ಒಳಗಿನ ಮುದ್ರೆ ಓದಿ, ಸರಿಯಿದ್ದರೆ ಗಾಜಿನ ಮೇಲೆ ಹಸಿರು ಚೀಟಿ ಅಂಟಿಸುತ್ತಿದ್ದರು. ಆ ಚೀಟಿ ಇಲ್ಲದ ಕಾರು ಗೆರೆಯ ಹತ್ತಿರವೂ ಸುಳಿಯುವಂತಿಲ್ಲ.

ಹೇಮಶ್ರೀಯ ಸರದಿ ಬಂತು.

"ಏನಮ್ಮಾ, ಮೊದಲನೇ ಸಲವಾ?"

"ಹೌದು ಸಾರ್."

"ಹೆದರಿಕೆ ಇದೆಯಾ?"

"ನಿಮ್ಮನ್ನ ನೋಡಿದ್ರೆ ಮಾತ್ರ ಇದೆ ಸಾರ್."

ಸದಾಶಿವಯ್ಯನವರು ಗಟ್ಟಿಯಾಗಿ ನಕ್ಕು ಕಾರಿನೊಳಗೆ ಬಗ್ಗಿದರು. ಬೆಲ್ಟಿನ ಮೇಲೆ ಹೊಲಿದಿದ್ದ ಮುದ್ರೆಯ ಚೀಟಿಯಲ್ಲಿ ಅವಧಿ ಮುಗಿದಿಲ್ಲವೆಂದು ಓದಿಕೊಂಡರು. ಆರು ಪಟ್ಟಿಗಳನ್ನೂ ಜಗ್ಗಿದರು, ಅಂಚುಗಳ ಮೇಲೆ ಟಾರ್ಚು ಹಾಯಿಸಿದರು. ಶಿವರಾಮು ನನ್ನ ತೋಳು ಹಿಡಿದುಕೊಂಡು ಉಸಿರು ಬಿಗಿಹಿಡಿದಿದ್ದರು. ಹಸಿರು ಚೀಟಿ ಅಂಟಿತು. ಹೇಮಶ್ರೀ ಕಾರನ್ನು ಸಾಲಿಗೆ ತೆಗೆದುಕೊಂಡು ಹೋದಳು.

"ಕಂಡುಹಿಡೀಲಿಲ್ಲ ನೋಡಿದ್ರಾ!" ಎಂದು ಶಿವರಾಮು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಅಂಗಡಿಯಲ್ಲಿ ನಡೆದದ್ದನ್ನು ಹೇಳಿದರು. ಆಗಲೇ ನನಗೆ ಆ ರಫುವಿನ ವಿಷಯ ತಿಳಿದದ್ದು. ಅವರ ಕಣ್ಣುಗಳಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದ ಮಗುವಿನ ಹೊಳಪಿತ್ತು. ನನಗೂ ಹೆಮ್ಮೆಯೇ ಆಯಿತು.

ಮುಂದಿನ ಕಾರು ವಾಗೀಶನೆಂಬ ಯುವಕನದು. ಅವನ ಬೆಲ್ಟಿನಲ್ಲೂ ಹೊಲಿಗೆಯಿತ್ತು. ಆದರೆ ಅದು ಹತ್ತು ಮಾರು ದೂರಕ್ಕೂ ಕಾಣುವಂಥ ಹೊಲಿಗೆ, ಚಮ್ಮಾರಿಕೆಯ ದಪ್ಪ ದಾರದ್ದು. ಸದಾಶಿವಯ್ಯನವರು ತಲೆಯಾಡಿಸಿದರು. "ಆಗಲ್ಲಪ್ಪ."

"ಸಾರ್, ಮೊದಲಿಗಿಂತ ಗಟ್ಟಿಯಾಗಿದೆ. ಬೇಕಾದ್ರೆ ಜಗ್ಗಿ ನೋಡಿ."

"ಗಟ್ಟಿ ಅನ್ನೋದು ಬೇರೆ, ಪರೀಕ್ಷೆ ಆಗಿದೆ ಅನ್ನೋದು ಬೇರೆ ಕಣಪ್ಪ. ಇದನ್ನ ಮಾಡಿದೋರು, ಇದರ ಜೊತೇದನ್ನ ಯಂತ್ರಕ್ಕೆ ಕಟ್ಟಿ, ಹರಿಯೋವರೆಗೂ ಎಳೆದು ನೋಡಿರ್ತಾರೆ. ಎಷ್ಟು ಹಿಗ್ಗುತ್ತೆ, ಎಷ್ಟು ತಡೆಯುತ್ತೆ ಅಂತ ಗೊತ್ತಾದ ಮೇಲೇನೇ ಈ ಮುದ್ರೆ ಹಾಕೋದು. ಕಾರು ಗುದ್ದಿದಾಗ ಬೆಲ್ಟು ಒಂಚೂರು ಹಿಗ್ಗಿ ಕೊಡ್ಬೇಕು. ಪೂರ್ತಿ ಅಗಲಕ್ಕೂ ಒಂದೇ ಸಮ. ಹೊಲಿದ ಜಾಗ ಮಿಕ್ಕಿದ್ದರ ಜೊತೆ ಹಿಗ್ಗಲ್ಲ. ಭಾರ ಎಲ್ಲಾ ಪಕ್ಕದ ಎಳೆಗಳ ಮೇಲೆ ಬೀಳುತ್ತೆ. ಒಂದು ಸಲ ಸೂಜಿ ಹಾಕಿದ್ಮೇಲೆ ಅದು ಅವರು ಮಾಡಿದ ಬೆಲ್ಟಲ್ಲ, ನೀನು ಮಾಡಿದ ಬೆಲ್ಟು. ನಿನ್ನದನ್ನ ಯಾರು ಎಳೆದು ನೋಡಿದಾರೆ, ಹೇಳು?"

"ನಾನೇ ನೋಡಿದೀನಿ ಸಾರ್."

"ನೀನು ಎಳೆದಿದ್ದು ಕೈಯಲ್ಲಿ. ಗೋಡೆಗೆ ಗುದ್ದಿದ ಕಾರು ಕೈಯಲ್ಲಿ ಎಳೆಯಲ್ಲ."

ನನ್ನ ತೋಳಿನ ಮೇಲಿದ್ದ ಶಿವರಾಮು ಅವರ ಹಿಡಿತ ಸಡಿಲವಾಯಿತು. ತಿರುಗಿ ನೋಡಿದೆ. ಅವರು ವಾಗೀಶನ ಬೆಲ್ಟಿನ ಹೊಲಿಗೆಯನ್ನೇ ದಿಟ್ಟಿಸುತ್ತಿದ್ದರು.

"ಮೇಷ್ಟ್ರೇ, ಅದು ಚಪ್ಪಲಿ ಹೊಲಿಗೆ. ನಂದು ಹಂಗಲ್ಲ" ಎಂದರು. ತಮ್ಮ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ನಾನೂ ಕೈಯಲ್ಲೇ ಎಳೆದಿದ್ದು" ಎಂದರು.

ಆ ಕಡೆ ಸಾಲಿನ ಮೊದಲ ಕಾರು ಧೂಳೆಬ್ಬಿಸಿಕೊಂಡು ಹೊರಟಿತ್ತು. ಎರಡನೆಯದು ಗೆರೆಗೆ ಬಂತು. ಅದರ ಹಿಂದೆಯೇ ಹೇಮಶ್ರೀ. ಹೆಲ್ಮೆಟ್ಟು ತೊಟ್ಟು, ನೇರವಾಗಿ ಮುಂದೆ ನೋಡುತ್ತಾ ಕುಳಿತಿದ್ದಳು. ಅವಳ ಎಡಹೆಗಲ ಮೇಲೆ ಆ ಪಟ್ಟಿ. ಅಷ್ಟು ವರ್ಷ ಅವಳು ಕಾದದ್ದು ಆ ಗೆರೆಗಾಗಿ. ಪರೀಕ್ಷಿಸುವವರ ಕಣ್ಣಿಗೇ ಬೀಳದ ಹೊಲಿಗೆ ಇನ್ನಾರ ಕಣ್ಣಿಗೂ ಬೀಳುವಂತಿರಲಿಲ್ಲ. ಶಿವರಾಮು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಸುತ್ತಿ ಬರುತ್ತಿದ್ದಳು. ಬಹುಶಃ ಏನೂ ಆಗುತ್ತಿರಲಿಲ್ಲ. ಆ "ಬಹುಶಃ" ಅವರಿಗೆ ಸಾಲದೆ ಹೋಯಿತು.

ಚಪ್ಪಲಿ ಕಳಚಿ ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಓಡಿದರು. ಅಡ್ಡ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ, ಬಾವುಟ ಹಿಡಿದವನು "ಯಾರ್ರೀ ಅದು, ಯಾರ್ರೀ!" ಎಂದು ಕೂಗುತ್ತಿದ್ದರೂ ಕೇಳದೆ, ಮಗಳ ಕಾರಿನ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತರು.

ಎಲ್ಲರೂ ಓಡಿದೆವು. ಸದಾಶಿವಯ್ಯನವರು ಏದುಸಿರು ಬಿಡುತ್ತಾ ಬಂದರು.

"ಏನ್ರೀ ಇದು? ಯಾರು ನೀವು?"

"ಇವಳ ಅಪ್ಪ ಸ್ವಾಮಿ. ಆ ಚೀಟಿ ಕಿತ್ತುಬುಡಿ. ಬೆಲ್ಟಲ್ಲಿ ನನ್ನ ಕೈ ಇದೆ."

"ನಾನೇ ನೋಡಿದೀನಲ್ಲ. ಏನೂ ಇಲ್ಲ ಅದರಲ್ಲಿ."

"ಇದೆ ಸ್ವಾಮಿ. ಹರಿದಿತ್ತು, ರಫು ಮಾಡಿದೀನಿ. ಎಡಗಡೆ ಹೆಗಲದ್ದು."

ಸದಾಶಿವಯ್ಯನವರು ಮತ್ತೆ ಬಗ್ಗಿ, ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಸಿಗಲಿಲ್ಲ. ಶಿವರಾಮು ಕೈ ಚಾಚಿ, ಪಟ್ಟಿಯನ್ನು ಮಡಿಸಿ ಬಿಸಿಲಿಗೆ ತಿರುಗಿಸಿ, ಉಗುರಿನಿಂದ ಒಂದು ಎಳೆಯನ್ನು ಮೀಟಿ ಎತ್ತಿ ತೋರಿಸಿದರು. ಆಗ ಕಂಡಿತು.

"ಅಯ್ಯೋ ಶಿವನೇ" ಎಂದರು ಸದಾಶಿವಯ್ಯ, ಬಹಳ ಮೆಲ್ಲಗೆ.

ಹೇಮಶ್ರೀ ಹೆಲ್ಮೆಟ್ಟು ತೆಗೆದಳು. ಕೂದಲೆಲ್ಲ ಹಣೆಗೆ ಅಂಟಿತ್ತು. "ಅಪ್ಪಾ, ಏನಿದು? ಯಾವಾಗ ಹರೀತು?"

"ಅಂಗಡೀಲಿ. ಸೀಟು ತಳ್ಳೋವಾಗ."

"ನಂಗೆ ಯಾಕೆ ಹೇಳ್ಲಿಲ್ಲ?"

ಶಿವರಾಮು ತಲೆ ತಗ್ಗಿಸಿ ಕಾರಿನ ಪಕ್ಕಕ್ಕೆ ಸರಿದರು. ವಿಜಯ್‌ಕುಮಾರ್ ಬೇರೆ ಬೆಲ್ಟಿಗಾಗಿ ಅಲ್ಲಿದ್ದವರನ್ನೆಲ್ಲ ಕೇಳಿ ಬಂದರು. ಒಬ್ಬರದು ಈ ಸೀಟಿಗೆ ಹೊಂದುವಂತಿರಲಿಲ್ಲ, ಇನ್ನೊಬ್ಬರದಕ್ಕೆ ಅವಧಿ ಮುಗಿದಿತ್ತು. ಹೇಮಶ್ರೀ ಕಾರನ್ನು ತಾನೇ ಹಿಂದಕ್ಕೆ ತೆಗೆದು, ಬೇವಿನ ಮರದ ಕೆಳಗೆ ನಿಲ್ಲಿಸಿ, ಒಳಗೇ ಕುಳಿತಳು. ಮಿಕ್ಕ ಕಾರುಗಳು ಒಂದಾದ ಮೇಲೊಂದು ಹೋದವು.

ತಿರಸ್ಕರಿಸಿದ ಬೆಲ್ಟನ್ನು ಮತ್ತೆ ಯಾರೂ ಬಳಸದಂತೆ ಕತ್ತರಿಸಿಬಿಡುವುದು ಅಲ್ಲಿಯ ಪದ್ಧತಿ. ವಿಜಯ್‌ಕುಮಾರ್ ಒಪ್ಪಿದರು. ಸದಾಶಿವಯ್ಯನವರು ದೊಡ್ಡ ಕತ್ತರಿ ಹಿಡಿದು ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡವರು, ಹಾಗೇ ನಿಂತುಬಿಟ್ಟರು. "ಇದನ್ನ ಕತ್ತರಿಸೋಕೆ ಮನಸ್ಸೇ ಬರ್ತಿಲ್ಲ ಕಣ್ರೀ" ಎಂದರು.

"ಕತ್ತರಿಸಿ ಸ್ವಾಮಿ" ಎಂದರು ಶಿವರಾಮು. "ಇಟ್ಟರೆ ಇವತ್ತಲ್ಲ ನಾಳೆ ಯಾವುದಾದ್ರೂ ಕಾರಿಗೆ ನಾನೇ ಹಾಕ್ಬುಡ್ತೀನಿ. ನನ್ನ ಬುದ್ಧಿ ನಂಗೆ ಗೊತ್ತು."

ನಾವು ಮೂವರೂ ವಾಪಸು ಬಂದೆವು. ಮನೆಯ ಬಾಗಿಲಲ್ಲಿ ಸಾಕಮ್ಮ, "ಯಾರು ಗೆದ್ರು?" ಎಂದು ಕೇಳಿದರು. ಹೇಮಶ್ರೀ ಸೀದಾ ಒಳಗೆ ಹೋದಳು. ಶಿವರಾಮು ನಡೆದದ್ದನ್ನು ಹೇಳಿದರು. ಸಾಕಮ್ಮನವರಿಂದ ಬೈಗುಳವನ್ನೇ ನಾನು ನಿರೀಕ್ಷಿಸಿದ್ದೆ. ಆಕೆ ಗಂಡನ ಬರಿಗಾಲು ನೋಡಿ, "ಚಪ್ಪಲಿ ಅಲ್ಲೇ ಬುಟ್ಬಂದ್ರಾ? ಮುಳ್ಳು ಗಿಳ್ಳು ಚುಚ್ಚಿಲ್ಲ ತಾನೆ?" ಎಂದು ಕಾಲು ತೊಳೆಯಲು ನೀರು ತಂದಿಟ್ಟರು.

ಮಗಳು ಬಹಳ ದಿನ ಅಪ್ಪನೊಡನೆ ಮಾತು ಬಿಟ್ಟಳು. ಊಟಕ್ಕೆ ಬಡಿಸುವಳು, ಬೇಕೇ ಸಾಕೇ ಎಂದು ಕೇಳುವುದಿಲ್ಲ. ಶಿವರಾಮು ಅಂಗಡಿಯಲ್ಲಿ ದಬ್ಬಣ ಹಿಡಿದು ಕುಳಿತರೂ ಕೆಲಸ ಸಾಗುತ್ತಿರಲಿಲ್ಲ. "ಸ್ಪರ್ಧೆ ಇನ್ನೊಂದು ಸಲ ಬರುತ್ತೆ ಮೇಷ್ಟ್ರೇ. ಅವಳು ಇನ್ಮೇಲೆ ನಾನು ಮುಟ್ಟಿದ ಕಾರಲ್ಲಿ ನಂಬಿ ಕೂರ್ತಾಳಾ, ಅದೇ ನಂಗೆ ಹತ್ಕೊಂಡಿರೋದು" ಎಂದು ಒಂದು ದಿನ ನನ್ನಲ್ಲಿ ಹೇಳಿಕೊಂಡರು.

ಆ ಪ್ರಶ್ನೆಗೆ ಉತ್ತರ ಸಿಕ್ಕ ದಿನವೂ ನಾನು ಅಲ್ಲೇ ಇದ್ದೆ. ಹೇಮಶ್ರೀ ಗ್ರಾಹಕರೊಬ್ಬರ ಕಾರನ್ನು ಸೀಟು ಕವರಿಗಾಗಿ ಅಂಗಡಿಗೆ ತಂದಿದ್ದಳು. ಗ್ಯಾರೇಜಿನ ಕೆಲಸ, ಬಾರದೆ ವಿಧಿಯಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿ, ಅಪ್ಪನಿಗೆ ಕೇಳುವಂತೆ ಹೇಳಿದಳು:

"ಮೇಷ್ಟ್ರೇ, ಓಡಿಸೋಕೆ ಆಗಲಿಲ್ಲ ಅಂತ ನಂಗೆ ಕೋಪ ಅಂದ್ಕೊಂಡಿದಾರೆ ಇವರು."

"ಮತ್ತೆ?"

"ನಾನು ಕೂತಿರೋ ಕಾರಲ್ಲಿ ಏನಿದೆ ಅಂತ ನಂಗೇ ಗೊತ್ತಿರಲಿಲ್ವಲ್ಲ, ಅದಕ್ಕೆ. ಹೊಲೀಬೇಡ ಅಂತ ಅಂದಿದೀನಾ ಯಾವತ್ತಾದ್ರೂ? ಹೊಲಿದ್ರೆ ಹೇಳಬೇಕಪ್ಪ. ಹರಿದ್ರೂ ಹೇಳಬೇಕು."

ಶಿವರಾಮು ಕೈಯಲ್ಲಿದ್ದ ದಬ್ಬಣವನ್ನು ಕೆಳಗಿಟ್ಟರು. "ಹೇಳ್ತೀನಿ ಕಣಮ್ಮ. ತಪ್ಪಾಯ್ತು."

"ಎಲ್ಲಾರ ಮುಂದೆ ಪಂಚೆ ಎತ್ತಿ ಕಟ್ಕೊಂಡು ಹಂಗೆ ಓಡಿ ಬರೋದಾ? ನೋಡೋಕೆ ಹೆಂಗಿತ್ತು ಗೊತ್ತಾ? ವಾಗೀಶ ವಿಡಿಯೊ ಮಾಡಿದಾನೆ." ಎನ್ನುವಷ್ಟರಲ್ಲಿ ಅವಳಿಗೇ ನಗು ಬಂತು. ನಗುತ್ತಿದ್ದಂತೆ ಕಣ್ಣಲ್ಲಿ ನೀರೂ ಬಂತು. ನಾನು ಕಾಫಿ ತರಿಸುವ ನೆಪದಲ್ಲಿ ಹೊರಗೆ ಹೋದೆ.

ಮುಂದಿನ ಸ್ಪರ್ಧೆಗೆ ವಿಜಯ್‌ಕುಮಾರ್ ಹೊಸ ಬೆಲ್ಟು ತರಿಸಿದ್ದರು. ಶಿವರಾಮು ಆ ದಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಾರಿನಿಂದ ಮಾರು ದೂರ ನಿಂತಿದ್ದರು. ಎಲ್ಲಿ ತಮ್ಮ ಬೆರಳು ತಗುಲಿ ಮುದ್ರೆ ಅಳಿಸಿಹೋಗುತ್ತದೋ ಎಂಬಂತೆ.

"ಅಪ್ಪಾ, ಅಲ್ಲೇನು ಕಂಬದ ಹಂಗೆ ನಿಂತಿದೀಯಾ? ಬಾ, ಇದನ್ನ ಎಳೆದು ಬಿಗಿ ಮಾಡು" ಎಂದು ಹೇಮಶ್ರೀ ಒಳಗಿನಿಂದ ಕೂಗಿದಳು.

"ನಾನು ಮುಟ್ಟಬಹುದಾ?"

"ಬಿಗಿ ಮಾಡೋಕೆ ಅಡ್ಡಿ ಇಲ್ಲ. ಸೂಜಿ ತಂದಿಲ್ಲ ತಾನೆ?"

ಅವರು ಬಗ್ಗಿ, ಎರಡೂ ಹೆಗಲ ಪಟ್ಟಿಗಳನ್ನು ಎಳೆದು ಬಿಗಿಮಾಡಿದರು. "ಸಾಕಾ?" ಎಂದರು. "ಇನ್ನೊಂಚೂರು" ಎಂದಳು. ಇನ್ನೊಂಚೂರು ಎಳೆದರು. ಆ ಹುಡುಗಿ ಹೊರಟಾಗ ಎದ್ದ ಧೂಳಿನಲ್ಲಿ ನಮಗೆ ಬಹಳ ಹೊತ್ತು ಏನೂ ಕಾಣಲಿಲ್ಲ. ಅವಳು ಮೊದಲನೆಯವಳಾಗಲಿಲ್ಲ. ಒಂದು ತಿರುವಿನಲ್ಲಿ ಟೈರಿನ ಗುಡ್ಡೆಯನ್ನು ಉರುಳಿಸಿದಳು. ಆದರೆ ಸುತ್ತಿ ಮುಗಿಸಿ ಬಂದಾಗ ಅವಳ ಮುಖವನ್ನು ನೋಡಬೇಕಿತ್ತು.

ಅದೇ ದಿನ ಇನ್ನೊಂದು ಘಟನೆ ನಡೆಯಿತು. ಯಾರೋ ಕಾರಿನ ಮೂತಿಯ ಮೇಲೆ ಇಟ್ಟಿದ್ದ ಹೆಲ್ಮೆಟ್ಟು ಜಾರಿ ಕಲ್ಲಿನ ಮೇಲೆ ಬಿತ್ತು. ಹೊರಗೆ ಒಂದು ಗೀರು ಮಾತ್ರ. ಸದಾಶಿವಯ್ಯನವರು ಅದನ್ನು ಒಪ್ಪಲಿಲ್ಲ. ಒಳಗೆ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣದು, ಬಿದ್ದದ್ದು ಬಿದ್ದಂತೆಯೇ ಲೆಕ್ಕ ಎಂದರು. ಶಿವರಾಮು ಅದನ್ನೇ ನೋಡುತ್ತಾ ನಿಂತಿದ್ದವರು ಮೆಲ್ಲನೆ ಹತ್ತಿರ ಹೋದರು.

"ಸ್ವಾಮಿ, ಹೆಲ್ಮೆಟ್ ಇಡೋ ಚೀಲಕ್ಕೆ ಏನಾದ್ರೂ ನಿಯಮ ಇದೆಯಾ?"

"ಚೀಲಕ್ಕೆಂಥಾ ನಿಯಮ ಶಿವರಾಮು? ಅದನ್ನ ಯಾರೂ ತಲೆಗೆ ಹಾಕ್ಕೊಳಲ್ವಲ್ಲ."

"ಹಂಗಾದ್ರೆ ಅದಕ್ಕೆ ಸೂಜಿ ಹಾಕಬಹುದು."

"ಧಾರಾಳವಾಗಿ ಹಾಕಿ. ನಿಮ್ಮಿಷ್ಟ."

ಈಗ ಅವರು ಮಾಡುತ್ತಿರುವುದು ಆ ಕೆಲಸವನ್ನೇ. ಸೀಟಿನ ಕೆಲಸ ಎಂದಿನಂತೆ ಉಂಟು. ಕವರು ಹೊಲಿಯುವ ಮುಂಚೆ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್, ಅಂದರೆ ಕಾರು ಗುದ್ದಿದಾಗ ಉಬ್ಬುವ ಗಾಳಿಚೀಲ, ಅಡಗಿದೆಯೇ ಎಂದು ತಡವಿ ನೋಡುತ್ತಾರೆ. ಇದ್ದರೆ, ಅದು ಬಿಚ್ಚಿಕೊಳ್ಳುವ ಕಡೆ ಬಟ್ಟೆಯನ್ನು ಹಾಯಿಸದೆ ತೆರವಾಗಿ ಬಿಡುತ್ತಾರೆ. ಬೆಲ್ಟು ಹಾಕದಿದ್ದರೂ ಕಾರು ಕೂಗದಿರಲೆಂದು ಸಿಕ್ಕಿಸುವ ಹುಸಿಕೊಂಡಿಗಳನ್ನು ಮಾರುವುದನ್ನು ಬಿಟ್ಟಿದ್ದಾರೆ. ಯಾರಾದರೂ ಕೇಳಿದರೆ, "ಅದರ ಬದಲು ಬೆಲ್ಟೇ ಹಾಕ್ಕೊಳಿ ಸ್ವಾಮಿ, ಅದೂ ಕೂಗಲ್ಲ" ಎನ್ನುತ್ತಾರೆ. ಟ್ಯಾಕ್ಸಿಯವರು ನವೆದ ಬೆಲ್ಟು ತಂದು, "ಒಂದೆರಡು ಹೊಲಿಗೆ ಹಾಕ್ಕೊಡಿ" ಎಂದು ಅಂಗಲಾಚಿದರೂ ಮುಟ್ಟುವುದಿಲ್ಲ. ಜಗಳವಾಡಿ ಹೋದ ಗಿರಾಕಿಗಳೂ ಇದ್ದಾರೆ.

ಮಿಕ್ಕ ಹೊತ್ತೆಲ್ಲ ಹೆಲ್ಮೆಟ್ಟಿನ ಚೀಲ. ಡಬ್ಬದಲ್ಲಿ ಕೂಡಿಟ್ಟಿದ್ದ ರೆಕ್ಸಿನ್ ತುಂಡುಗಳು ಹೊರಗೆ, ಒಳಗೆ ಮೆತ್ತನೆಯ ಫೋಮು, ಮೇಲೆ ಗಟ್ಟಿಯಾದ ಹಿಡಿ. ಮೈದಾನಕ್ಕೆ ಬರುವ ಹುಡುಗರು ಹುಡುಗಿಯರೆಲ್ಲ ತಮಗೂ ಒಂದು ಬೇಕೆನ್ನುತ್ತಾರೆ. ಹೇಮಶ್ರೀ ಈಗ ಪ್ರತಿ ಸ್ಪರ್ಧೆಯಲ್ಲೂ ಓಡಿಸುತ್ತಾಳೆ. ಹೊರಡುವ ಮುಂಚೆ ಅಪ್ಪ ಮಗಳು ಕಾರಿನ ಮುಂದೆ ನಿಂತು, ಏನನ್ನು ಮುಟ್ಟಿದೆ, ಏನನ್ನು ಮುಟ್ಟಲಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ.

ಮೊನ್ನೆ ನಾನು ಅಂಗಡಿಗೆ ಹೋದಾಗ ಅವರು ಸ್ಟೂಲಿನ ಮೇಲೆ ಹತ್ತಿ, ಅಟ್ಟಕ್ಕೆ ತಲೆ ತಾಗುವಂತೆ ನಿಂತಿದ್ದರು. ಕೈಯಲ್ಲಿ ಹೊಸದಾಗಿ ಹೊಲಿದ ಚೀಲ. ಅದರೊಳಗೆ ಒಂದು ಮಣ್ಣಿನ ಕುಡಿಕೆ. ಹೊಸ ಮಾದರಿ ಹೊಲಿದಾಗಲೆಲ್ಲ ಹೀಗೆ ಮೇಲಿನಿಂದ ಬೀಳಿಸಿ ನೋಡುತ್ತಾರಂತೆ. ಮನೆಯಲ್ಲಿ ಮೊಸರು ಹೆಪ್ಪು ಹಾಕಲು ಒಂದು ಕುಡಿಕೆಯನ್ನೂ ಉಳಿಸಿಲ್ಲವೆಂದು ಸಾಕಮ್ಮ ಬೆಳಿಗ್ಗೆಯೇ ಫೋನಿನಲ್ಲಿ ನನಗೆ ದೂರು ಹೇಳಿದ್ದರು.

"ಒಡೆದರೆ?" ಎಂದು ಕೇಳಿದೆ.

"ಒಡೆದ್ರೆ ಇನ್ನೊಂದು ಪದರ ಫೋಮು ಹಾಕ್ತೀನಿ. ನೆನ್ನೆ ಎರಡು ಒಡೀತು." ಕೆಳಗೆ ನೋಡಿ, ಚೀಲದ ಹಿಡಿಯನ್ನು ಬೆರಳ ತುದಿಗೆ ತಂದುಕೊಂಡರು. "ಒಂಚೂರು ಆ ಕಡೆ ನಿಂತ್ಕೊಳಿ ಮೇಷ್ಟ್ರೇ, ಬುಡ್ತೀನಿ."